ಪದ ಕೇಳಿ: ಕೆರೆಯೂ ಟ್ಯಾಂಕು, ತಾರಸಿ ಮೇಲಿನದೂ ಟ್ಯಾಂಕು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ‘ಟ್ಯಾಂಕ್’ ಎಂಬ ಒಂದೇ ಪದದ ಸುತ್ತ ಇವೆ. ಬೇಸಿಗೆಯ ಮಹಿಮೆ ಇರಬೇಕು. ಹಾಗಾಗಿ ಬೇರೆ ಪದಗಳನ್ನು ಮುಂದಕ್ಕೆ ಹಾಕಿ, ಈ ಕಂತನ್ನು ಇದೊಂದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಜಮೀನಿನ ಹಳೆಯ ಪತ್ರದ ಚೆಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಟ್ಯಾಂಕ್ ಬೆಡ್’ ಎಂದಿದೆ. ಅಲ್ಲಿರುವುದು ಕೆರೆ. ನಿಘಂಟು ನೋಡಿದರೆ ಟ್ಯಾಂಕ್ ಎಂದರೆ ನೀರು, ಎಣ್ಣೆ ತುಂಬುವ ದೊಡ್ಡ ಡಬ್ಬ. ಕೆರೆಗೆ ಈ ಹೆಸರು ಹೇಗೆ ಬಂತು?
– ಗುಬ್ಬಿ ತಾಲ್ಲೂಕಿನ ಓದುಗರು

ಉತ್ತರ: ಡಬ್ಬದ ಹೆಸರು ಕೆರೆಗೆ ಬಂದದ್ದಲ್ಲ, ಕೆರೆಯ ಹೆಸರೇ ಡಬ್ಬಕ್ಕೆ ಹೋದದ್ದು. ಇಂಗ್ಲಿಷಿನಲ್ಲಿ ‘ಟ್ಯಾಂಕ್’ ಮೊದಲು ಕಾಣಿಸಿಕೊಳ್ಳುವುದು 17ನೆಯ ಶತಮಾನದ ಆರಂಭದಲ್ಲಿ, ಇಂಡಿಯಾಕ್ಕೆ ಬಂದವರ ಬರಹಗಳಲ್ಲಿ. ಅಲ್ಲಿ ಅದರ ಅರ್ಥ ಕೆರೆ, ಕೊಳ, ಕಲ್ಯಾಣಿ. ನೀರು ತುಂಬಿಡುವ ಪೆಟ್ಟಿಗೆ ಎಂಬ ಅರ್ಥ ಹುಟ್ಟಿದ್ದು ಆ ಶತಮಾನ ಮುಗಿಯುವ ಹೊತ್ತಿಗೆ. ನಿಮ್ಮ ಪತ್ರದಲ್ಲಿರುವುದೇ ಮೂಲ ಅರ್ಥ, ತಾರಸಿಯ ಮೇಲೆ ಕೂತಿರುವುದು ಆಮೇಲಿನದು.

ಇಂಗ್ಲಿಷರು ಅದನ್ನು ಎಲ್ಲಿಂದ ಎತ್ತಿಕೊಂಡರು ಎಂಬುದಕ್ಕೆ ಎರಡು ಬೇರು ಹೇಳುತ್ತಾರೆ. ಒಂದು ಗುಜರಾತಿ, ಮರಾಠಿ ಕಡೆಯ ‘ಟಾಂಕಾ’, ‘ಟಾಂಕೆ’. ಮನೆಯ ಅಂಗಳದಡಿಯಲ್ಲಿ ಮಳೆನೀರು ಹಿಡಿದಿಡಲು ಕಟ್ಟಿದ ನೆಲತೊಟ್ಟಿ ಅದು. ಗುಜರಾತ್, ರಾಜಸ್ಥಾನಗಳ ಹಳೆಯ ಮನೆಗಳಲ್ಲಿ ಈಗಲೂ ಇದೆ. ಇನ್ನೊಂದು ಪೋರ್ಚುಗೀಸರ ‘ಟಾಂಕೆ’. ಅದರ ಅರ್ಥ ಕೊಳ. ಅದಕ್ಕೆ ನಂಟಿರುವ ಕ್ರಿಯಾಪದದ ಅರ್ಥ ಹರಿಯುವುದನ್ನು ತಡೆದು ನಿಲ್ಲಿಸು. ಗುಜರಾತಿನ ಸೂರತ್ತಿನಲ್ಲಿ ವ್ಯಾಪಾರ ತೆಗೆದ ಇಂಗ್ಲಿಷರ ಕಿವಿಗೆ ಎರಡೂ ಬಿದ್ದಿವೆ. ಉಚ್ಚಾರ ಒಂದೇ, ಅರ್ಥವೂ ಹತ್ತಿರ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ತಂದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶವೂ ಈ ಎರಡು ಬೇರುಗಳ ಗಂಟನ್ನು ಬಿಡಿಸಲು ಹೆಣಗಿದೆ.

ಪಶ್ಚಿಮದ ಕರಾವಳಿಯಲ್ಲಿ ಕಲಿತ ಈ ಪದವನ್ನು ಮೈಸೂರು ಸೀಮೆಗೆ ಬಂದ ಇಂಗ್ಲಿಷ್ ಅಧಿಕಾರಿಗಳು ಏರಿ (ನೀರು ತಡೆಯುವ ಒಡ್ಡು), ತೂಬು (ಗದ್ದೆಗೆ ನೀರು ಬಿಡುವ ಕಿಂಡಿ), ಕೋಡಿ (ಮಿಕ್ಕ ನೀರು ಹೊರಬೀಳುವ ಜಾಗ) ಇರುವ ನಮ್ಮ ಕೆರೆಗೂ ಅಂಟಿಸಿದರು. ಸರ್ವೆ, ಕಂದಾಯ, ನೀರಾವರಿಯ ಕಾಗದಗಳಲ್ಲಿ ಅದೇ ನಿಂತಿತು. ‘ಬೆಡ್’ ಎಂದರೆ ಕೆರೆಯ ಅಂಗಳ. ನೀರು ಇರಲಿ ಬಿಡಲಿ, ತುಂಬಿದಾಗ ನೀರು ನಿಲ್ಲುವಷ್ಟೂ ಜಾಗ ಅಂಗಳವೇ. ಹತ್ತು ವರ್ಷ ಒಣಗಿ ಜಾಲಿ ಬೆಳೆದಿದ್ದರೂ ನಿಮ್ಮ ಚೆಕ್ಕುಬಂದಿಯ ಪೂರ್ವಕ್ಕೆ ಇರುವುದು ಕೆರೆಯಂಗಳ, ಖಾಲಿ ಜಾಗವಲ್ಲ.

ಪ್ರಶ್ನೆ: ನಮ್ಮ ಕಡೆ ಕೆರೆಗೆ ‘ಚೆರುವು’ ಅನ್ನುತ್ತೇವೆ. ಕೆರೆಗೂ ಚೆರುವಿಗೂ ಸಂಬಂಧ ಇದೆಯೇ? ಟ್ಯಾಂಕ್ ಎಂಬುದು ಸಂಸ್ಕೃತದ ‘ತಟಾಕ’ದಿಂದ ಬಂತು ಎಂದು ಮೊಬೈಲಿನಲ್ಲಿ ಓದಿದೆ. ನಿಜವೇ?
– ಬಾಗೇಪಲ್ಲಿಯ ಓದುಗರು

ಉತ್ತರ: ಮೊದಲನೆಯದಕ್ಕೆ ಧೈರ್ಯವಾಗಿ ಹೌದು. ಹಳಗನ್ನಡದಲ್ಲಿ ಇದು ಶಕಟರೇಫದ (ಈಗ ಬಳಕೆ ತಪ್ಪಿದ ಒರಟು ರಕಾರ ‘ಱ’ದ) ‘ಕೆಱೆ’. ತೆಲುಗಿನಲ್ಲಿ ‘ಚೆಱುವು’, ತಮಿಳಿನಲ್ಲಿ ‘ಚಿಱೈ’. ಇ, ಎ ಸ್ವರಗಳ ಮುಂದೆ ಬಂದ ‘ಕ’ಕಾರ ತಮಿಳು ತೆಲುಗುಗಳಲ್ಲಿ ‘ಚ’ಕಾರವಾಯಿತು, ಕನ್ನಡ ಮಾತ್ರ ಹಳೆಯದನ್ನು ಹಾಗೇ ಉಳಿಸಿಕೊಂಡಿತು. ನಮ್ಮ ಕಿವಿ ನಿಮ್ಮಲ್ಲಿ ‘ಚೆವಿ’, ನಮ್ಮ ಕಿರು ನಿಮ್ಮಲ್ಲಿ ‘ಚಿರು’ ಆಗಿರುವುದನ್ನು ನೋಡಿ. ಬಾಗೇಪಲ್ಲಿ, ಮುಳಬಾಗಿಲು ಕಡೆಯವರಿಗೆ ಇದನ್ನು ವಿವರಿಸುವುದೇ ಬೇಡ, ಒಂದೇ ಜಗುಲಿಯಲ್ಲಿ ಎರಡೂ ಕೇಳಿಸುತ್ತವೆ. ತಮಿಳಿನ ‘ಚಿಱೈ’ಗೆ ಕೆರೆ ಎಂಬುದಲ್ಲದೆ ಸೆರೆಮನೆ ಎಂಬ ಅರ್ಥವೂ ಇದೆ. ನೀರನ್ನು ಸೆರೆ ಹಿಡಿಯುವುದು! ಪೋರ್ಚುಗೀಸಿನಲ್ಲಿ ತಡೆದು ನಿಲ್ಲಿಸು, ತಮಿಳಿನಲ್ಲಿ ಸೆರೆ, ನಮ್ಮ ‘ಕಟ್ಟೆ’ಯಲ್ಲಿ ಕಟ್ಟು: ಎಲ್ಲರೂ ನೀರಿಗಿಂತ ಅದನ್ನು ತಡೆದ ಕೆಲಸಕ್ಕೇ ಹೆಸರಿಟ್ಟಿದ್ದಾರೆ.

ಎರಡನೆಯದಕ್ಕೆ ಅಷ್ಟು ಧೈರ್ಯ ಸಲ್ಲ. ಗುಜರಾತಿಯ ಟಾಂಕಾವನ್ನು ಸಂಸ್ಕೃತದ ‘ತಡಾಗ’ದ ಜೊತೆ ಕೂಡಿಸುವ ವಿದ್ವಾಂಸರಿದ್ದಾರೆ, ಆದರೆ ಅವರೂ ‘ಇರಬಹುದು’ ಎಂದೇ ಬರೆಯುತ್ತಾರೆ. ಮೊಬೈಲಿಗೆ ಬರುವ ಹೊತ್ತಿಗೆ ಆ ‘ಇರಬಹುದು’ ಉದುರಿಹೋಗಿರುತ್ತದೆ.

ಪ್ರಶ್ನೆ: ಕೆರೆ ಕಾಮಗಾರಿಯ ಇಂಗ್ಲಿಷ್ ವರದಿಯೊಂದನ್ನು ಗ್ರಾಮಸಭೆಗಾಗಿ ಕನ್ನಡಕ್ಕೆ ತರಬೇಕು. ಟ್ಯಾಂಕ್ ಬಂಡ್, ಸ್ಲೂಯಿಸ್, ವೇಸ್ಟ್ ವಿಯರ್, ಕಮಾಂಡ್ ಏರಿಯಾ, ಫೀಡರ್ ಚಾನೆಲ್ – ಇವಕ್ಕೆ ಸರಿಯಾದ ಪದ ತಿಳಿಸಿ. ಮೊಬೈಲಿನ ಅನುವಾದ ನಗು ತರಿಸುತ್ತದೆ.
– ಕೋಲಾರದ ಓದುಗರು

ಉತ್ತರ: ನಗು ಬಂದರೆ ಪರವಾಗಿಲ್ಲ, ನಗು ಬರದೆ ತಪ್ಪು ತಿಳಿವಳಿಕೆ ಬಂದರೆ ಕಷ್ಟ. ‘ಕಮಾಂಡ್ ಏರಿಯಾ’ವನ್ನು ‘ಆಜ್ಞಾ ಪ್ರದೇಶ’ ಎಂದು ಬರೆದರೆ ನಗುತ್ತಾರೆ, ಬಿಡಿ. ಅದು ಅಚ್ಚುಕಟ್ಟು, ಆ ಕೆರೆಯ ತೂಬಿನ ನೀರು ಹರಿದು ತಲುಪುವ ಗದ್ದೆ ತೋಟಗಳ ಒಟ್ಟು ನೆಲ. ಅಚ್ಚುಕಟ್ಟಿನ ಅಳತೆ ಮೇಲೆಯೇ ಕೆರೆ ಯಾರದು ಎಂಬುದೂ ನಿಂತಿದೆ: 40 ಹೆಕ್ಟೇರಿಗಿಂತ ಹೆಚ್ಚು, 2,000 ಹೆಕ್ಟೇರಿನವರೆಗೆ ಅಚ್ಚುಕಟ್ಟಿದ್ದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಚಿಕ್ಕದು ಪಂಚಾಯತಿಗಳ ಕಡೆ. ವರದಿಯಲ್ಲಿ ಈ ಅಂಕಿ ಬಂದರೆ ಎರಡು ಸಲ ನೋಡಿ.

ನಿಜವಾದ ಅಪಾಯ ‘ವೇಸ್ಟ್ ವಿಯರ್’ನಲ್ಲಿದೆ. ಇಲ್ಲಿ ವೇಸ್ಟ್ ಎಂದರೆ ಕೊಳಚೆಯಲ್ಲ, ಮಿಗುತೆ. ಕೆರೆ ತುಂಬಿ ಮಿಕ್ಕ ನೀರು ಏರಿಗೆ ಏಟಾಗದಂತೆ ಹೊರಬೀಳುವ ಕಲ್ಲುಕಟ್ಟಣೆ ಅದು. ಕನ್ನಡದಲ್ಲಿ ಎರಡೇ ಅಕ್ಷರ: ಕೋಡಿ. ‘ತ್ಯಾಜ್ಯ ನೀರಿನ ಅಡ್ಡಗಟ್ಟೆ’ ಎಂದು ಬರೆದಿರೋ, ಕೋಲಾರದಲ್ಲಿ ಸಭೆ ಅಲ್ಲೇ ಕೆಟ್ಟಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಿಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ವರದಿಯಲ್ಲಿ ‘ತ್ಯಾಜ್ಯ ನೀರು’ ಎಂಬುದಕ್ಕೆ ಬೇರೆಯೇ ಜಾಗ, ಬೇರೆಯೇ ಜಗಳ ಇರುತ್ತದೆ. ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರೆ ಕೋಡಿ ರಿಪೇರಿಯ ದುಡ್ಡು ಕೊಳಚೆ ಶುದ್ಧೀಕರಣದ ಲೆಕ್ಕದಲ್ಲಿ ಓದಿಸಿಕೊಳ್ಳುತ್ತದೆ.

‘ಓವರ್‌ಫ್ಲೋ’ ಮತ್ತು ‘ಬ್ರೀಚ್’ ಎರಡಕ್ಕೂ ‘ಕೆರೆ ಒಡೆಯಿತು’ ಎನ್ನುವುದು ಇನ್ನೊಂದು ತಪ್ಪು, ಪತ್ರಿಕೆಗಳಲ್ಲೂ ಕಂಡಿದ್ದೇವೆ. ಮೊದಲನೆಯದು ಕೋಡಿ ಬೀಳುವುದು, ಎರಡನೆಯದು ಏರಿ ಒಡೆಯುವುದು. ಕೋಡಿ ಬಿದ್ದರೆ ಊರವರು ಬಾಗಿನ ಹಿಡಿದು ಕೆರೆ ಕಡೆ ಹೋಗುತ್ತಾರೆ, ಏರಿ ಒಡೆದರೆ ದನ ಬಿಚ್ಚಿಕೊಂಡು ಎದುರು ದಿಕ್ಕಿಗೆ ಓಡುತ್ತಾರೆ.

ಉಳಿದವು ಸುಲಭ. ಬಂಡ್ ಎಂದರೆ ಏರಿ. ಸ್ಲೂಯಿಸ್ ಎಂದರೆ ತೂಬು. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ‘ಹೊರಗೆ ತಡೆದದ್ದು’. ಫೀಡರ್ ಚಾನೆಲ್ ಎಂದರೆ ಕೆರೆಗೆ ನೀರು ತರುವ ರಾಜಕಾಲುವೆ. ತೂಬಿನಿಂದ ಗದ್ದೆಗೆ ಹೋಗುವ ಕಾಲುವೆಯೊಂದಿಗೆ ಅದನ್ನು ಬೆರೆಸಬೇಡಿ, ಒಂದು ಕೆರೆಗೆ ಬಾಯಿ, ಇನ್ನೊಂದು ಕೈ. ‘ಡೆಡ್ ಸ್ಟೋರೇಜ್’ ಎಂದರೆ ತೂಬಿನ ಮಟ್ಟಕ್ಕಿಂತ ಕೆಳಗೆ ಉಳಿಯುವ ನೀರು. ಗದ್ದೆಗೆ ಬಾರದಿದ್ದರೂ ದನಕರುಗಳಿಗೆ, ಮೀನಿಗೆ, ಸುತ್ತಲ ಬಾವಿಗಳಿಗೆ ಅದೇ ಆಸರೆ. ಅದಕ್ಕೆ ‘ಸತ್ತ ಸಂಗ್ರಹ’ ಎನ್ನದೆ ‘ತೂಬಿನಡಿಯ ನೀರು’ ಎಂದು ಬರೆಯಿರಿ. ಸಿಲ್ಟ್ ಎಂದರೆ ಹೂಳು, ಹೊಲಕ್ಕೆ ಹೊಡೆಸುವಾಗ ಗೋಡು.

ಅಂದಹಾಗೆ ಬಂಡ್ ಕೂಡ ಇಂಗ್ಲಿಷರ ಸ್ವಂತ ಪದವಲ್ಲ. ಪಾರಸಿಯ ‘ಬಂದ್’ ಹಿಂದೂಸ್ತಾನಿಯ ಮೂಲಕ ಅವರಿಗೆ ಸಿಕ್ಕಿತು, ಶಾಂಘೈ ನಗರದ ನದಿದಂಡೆಗೂ ಅದೇ ಹೆಸರು. ‘ಟ್ಯಾಂಕ್ ಬಂಡ್ ರೋಡ್’ ಎಂಬ ಬೋರ್ಡಿನಲ್ಲಿ ಇಂಗ್ಲಿಷಿನ ಸ್ವಂತ ಆಸ್ತಿ ‘ರೋಡ್’ ಒಂದೇ. ಹಳೆಯ ನೀರಾವರಿ ವರದಿಗಳಲ್ಲಿ ‘ಆನಿಕಟ್’ ಎಂದು ಕಂಡರೆ ಗಾಬರಿಯಾಗಬೇಡಿ, ಅದು ತಮಿಳಿನ ಅಣೈಕ್ಕಟ್ಟು, ನಮ್ಮ ಅಣೆಕಟ್ಟು.

ಪ್ರಶ್ನೆ: ಯುದ್ಧದ ಟ್ಯಾಂಕಿಗೂ ನೀರಿನ ಟ್ಯಾಂಕಿಗೂ ಏನು ಸಂಬಂಧ?
– ಶಿಡ್ಲಘಟ್ಟದ ವಿದ್ಯಾರ್ಥಿ

ಉತ್ತರ: ಒಂದು ಸುಳ್ಳಿನ ಸಂಬಂಧ. ಮೊದಲ ಮಹಾಯುದ್ಧದಲ್ಲಿ ಕಂದಕ, ಮುಳ್ಳುತಂತಿ ದಾಟಿ ಹೋಗುವ ಉಕ್ಕಿನ ಬಂಡಿಯನ್ನು ಬ್ರಿಟನ್ ಗುಟ್ಟಾಗಿ ತಯಾರಿಸುತ್ತಿತ್ತು. ಮೊದಲಿಗೆ ಅದನ್ನು ‘ನೆಲದ ಹಡಗು’ ಎನ್ನುತ್ತಿದ್ದರು. ಆ ಹೆಸರು ಕೇಳಿದರೆ ಶತ್ರುವಿಗೆ ಗುಟ್ಟು ತಿಳಿದಂತೆಯೇ. 1915ರ ಡಿಸೆಂಬರಿನಲ್ಲಿ ಬೇರೆ ಹೆಸರು ಹುಡುಕಿದರು. ದೊಡ್ಡ ಉಕ್ಕಿನ ಪೆಟ್ಟಿಗೆಯಂತೆ ಕಾಣುವುದರಿಂದ ‘ಟ್ಯಾಂಕ್’ ಸರಿಹೋಯಿತು. ಲಿಂಕನ್ ಪಟ್ಟಣದ ಕಾರ್ಖಾನೆಯಲ್ಲಿ, ಇದು ಮೆಸಪೊಟೇಮಿಯಾದ ಮರುಭೂಮಿಗೆ ನೀರು ಸಾಗಿಸುವ ಬಂಡಿ ಎಂಬ ಮಾತು ಹಬ್ಬಿಸಿದರು. ಕೆಲವಕ್ಕೆ ‘ಪೆಟ್ರೊಗ್ರಾಡ್‌ಗೆ, ಜೋಪಾನ’ ಎಂದು ರಷ್ಯನ್ ಭಾಷೆಯಲ್ಲಿ ಬಣ್ಣದಲ್ಲಿ ಬರೆದದ್ದೂ ಉಂಟು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ಕದನದ ಫ್ಲೇರ್ ಬಳಿ ಅವು ಮೊದಲ ಸಲ ರಣಕ್ಕಿಳಿದವು. ಒಂದೊಂದರ ತೂಕ ಸುಮಾರು 28 ಟನ್. ಗುಟ್ಟು ಬಯಲಾದ ಮೇಲೂ ಹೆಸರು ಬದಲಾಗಲಿಲ್ಲ. ಪರೀಕ್ಷೆಯಲ್ಲಿ ಕೇಳಿದರೆ ‘ಸಂಕೇತನಾಮ ಖಾಯಂ ಹೆಸರಾದದ್ದು’ ಎಂದು ಬರೆಯಿರಿ.

ಪ್ರಶ್ನೆ: ಊರಿನಲ್ಲಿ ಎಲ್ಲರೂ ‘ಸೇಫ್ಟಿ ಟ್ಯಾಂಕ್’ ಅನ್ನುತ್ತಾರೆ. ಕ್ಲೀನ್ ಮಾಡುವ ಲಾರಿಯ ಮೇಲೂ ಹಾಗೇ ಬರೆದಿದೆ. ಸರಿಯಾದದ್ದು ಯಾವುದು?
– ಮಾಲೂರಿನ ಓದುಗರು

ಉತ್ತರ: ‘ಸೆಪ್ಟಿಕ್ ಟ್ಯಾಂಕ್’. ಇದನ್ನು ಬರೀ ಉಚ್ಚಾರದ ತಪ್ಪು ಎಂದು ಬಿಡುವ ಹಾಗಿಲ್ಲ, ಇಲ್ಲಿ ಪದ ತಪ್ಪಿದರೆ ಅರ್ಥ ತಲೆಕೆಳಗಾಗುತ್ತದೆ. ಗ್ರೀಕಿನ ‘ಸೆಪ್ಟಿಕೋಸ್’ ಎಂದರೆ ಕೊಳೆಯಿಸುವುದು. ಇಂಗ್ಲೆಂಡಿನ ಎಕ್ಸಿಟರ್ ನಗರದಲ್ಲಿ ಡೊನಾಲ್ಡ್ ಕ್ಯಾಮೆರಾನ್ ಎಂಬ ಎಂಜಿನಿಯರು 1895ರ ಸುಮಾರಿಗೆ ಈ ಹೆಸರನ್ನು ಚಾಲ್ತಿಗೆ ತಂದರು. ಮುಚ್ಚಿದ ತೊಟ್ಟಿಯಲ್ಲಿ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಮಲವನ್ನು ಕೊಳೆಸುತ್ತವೆ. ಭಾರದ್ದು ತಳಕ್ಕೆ, ಜಿಡ್ಡು ಮೇಲಕ್ಕೆ, ನಡುವಿನ ನೀರು ಇಂಗುಗುಂಡಿಗೆ.

ಹೆಸರಿನ ಅರ್ಥ ತಿಳಿದರೆ ಎರಡು ಕೆಲಸ ತಾನಾಗಿ ಸರಿಹೋಗುತ್ತವೆ. ಒಂದು, ಕಕ್ಕಸಿಗೆ ದಿನಾ ಆಸಿಡ್, ಫಿನಾಯಿಲ್ ಸುರಿಯುವುದು ನಿಲ್ಲುತ್ತದೆ. ಅದು ‘ಆಂಟಿಸೆಪ್ಟಿಕ್’, ಅಂದರೆ ಕೊಳೆಯುವುದನ್ನು ತಡೆಯುವಂಥದು. ಸೆಪ್ಟಿಕ್‌ಗೆ ಆಂಟಿಸೆಪ್ಟಿಕ್ ಸುರಿದರೆ ಬ್ಯಾಕ್ಟೀರಿಯಾ ಸತ್ತು, ಮಲ ಕರಗದೆ, ಎರಡು ಮೂರು ವರ್ಷಕ್ಕೆ ತೆಗೆಸಬೇಕಾದ ಹೂಳು ವರ್ಷದೊಳಗೇ ಬಾಯಿಗೆ ಬರುತ್ತದೆ. ಇಂಗುಗುಂಡಿಯೂ ಕಟ್ಟಿಕೊಳ್ಳುತ್ತದೆ.

ಎರಡನೆಯದು ಜೀವದ ಪ್ರಶ್ನೆ. ಅಲ್ಲಿ ಯಾವ ಸೇಫ್ಟಿಯೂ ಇಲ್ಲ. ಕೊಳೆಯುವಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ಮಲಗಿರುತ್ತದೆ, ಹೂಳಿನೊಳಗೂ ಅಡಗಿರುತ್ತದೆ, ಕೋಲು ಹಾಕಿ ಕಲಕಿದರೆ ಒಮ್ಮೆಗೇ ಮೇಲೇಳುತ್ತದೆ. ಕೊಂಚ ಇದ್ದಾಗ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗಿನ ಗ್ರಹಿಕೆಯೇ ಸತ್ತು ನಾತ ನಿಂತುಹೋಗುತ್ತದೆ. ‘ವಾಸನೆ ಹೋಯ್ತು, ಈಗ ಇಳಿಯಬಹುದು’ ಎಂದುಕೊಂಡವನು ಅಲ್ಲೇ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸಾಯುವುದಕ್ಕೆ ಕಾರಣ ಇದು. ಉರಿಯುವ ಮಿಥೇನೂ ಇರುವುದರಿಂದ ಬೆಂಕಿಕಡ್ಡಿ ಗೀರಿ ನೋಡುವುದು ಇನ್ನೊಂದು ಅನಾಹುತ. ಮುಚ್ಚಳ ತೆಗೆದು ದೂರ ನಿಂತು, ಲಾರಿಯ ಪೈಪಿನಿಂದಲೇ ಎಳೆಸಬೇಕು. ಮನುಷ್ಯರನ್ನು ರಕ್ಷಣಾ ಸಲಕರಣೆಯಿಲ್ಲದೆ ಒಳಗಿಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ.

ಕನ್ನಡದಲ್ಲಿ ‘ಕೊಳೆಗುಂಡಿ’ ಎಂದರೆ ಸಾಕಿತ್ತು. ಆ ಪದ ಬಳಕೆಯಲ್ಲಿದ್ದಿದ್ದರೆ ಯಾರೂ ಅದನ್ನು ಸೇಫ್ಟಿ ಎಂದುಕೊಳ್ಳುತ್ತಿರಲಿಲ್ಲ.

ಪ್ರಶ್ನೆ: ಸಂಪು, ಸಿಂಟೆಕ್ಸ್, ಟ್ಯಾಂಕರ್ – ಇವುಗಳ ಮೂಲ ಯಾವುದು? ನೆಲದ ಸಂಪಿಗೆ ಎಷ್ಟು ಲೀಟರ್ ಹಿಡಿಯುತ್ತದೆ ಎಂದು ಲೆಕ್ಕ ಹಾಕುವುದು ಹೇಗೆ? ಟ್ಯಾಂಕರಿನವರು ಹೇಳಿದ್ದೇ ಲೆಕ್ಕವಾಗಿದೆ.
– ಚಿಂತಾಮಣಿಯ ಓದುಗರು

ಉತ್ತರ: ಸಂಪು ಡಚ್, ಜರ್ಮನ್ ಕಡೆಯ ಪದ, ಮೊದಲ ಅರ್ಥ ಜೌಗು. ಆಮೇಲೆ ಗಣಿಗಾರರ ಬಾಯಲ್ಲಿ ಶಾಫ್ಟಿನ ತಳದಲ್ಲಿ ನೀರು ಬಂದು ಸೇರುವ ಗುಂಡಿಯಾಯಿತು, ಅಲ್ಲಿಂದ ಪಂಪಿನಿಂದ ಮೇಲೆತ್ತುತ್ತಿದ್ದರು. ಈಗ ನಮ್ಮ ಮನೆ ಮುಂದೆ ಮಾಡುವುದೂ ಅದನ್ನೇ. ಸಿಂಟೆಕ್ಸ್ ಒಂದು ಕಂಪನಿಯ ಹೆಸರು, 1970ರ ದಶಕದಲ್ಲಿ ಗುಜರಾತಿನ ಕಲೋಲ್‌ನ ಬಟ್ಟೆ ಗಿರಣಿಯವರು ಶುರುಮಾಡಿದ್ದು. ಪುಡಿಯನ್ನು ಕಾಯಿಸಿ ಬೆಸೆಯುವ ‘ಸಿಂಟರಿಂಗ್’, ಬಟ್ಟೆಯ ‘ಟೆಕ್ಸ್‌ಟೈಲ್’ ಎರಡರ ಮೊದಲ ತುಂಡು ಸೇರಿ ಸಿಂಟೆಕ್ಸ್. ಈಗ ಯಾವ ಕಂಪನಿಯದಾದರೂ ನಮಗೆ ಸಿಂಟೆಕ್ಸೇ. ಟಾಂಕಾ ಎಂಬ ಪದ ಕೊಟ್ಟ ಗುಜರಾತೇ ಪ್ಲಾಸ್ಟಿಕ್ ಟ್ಯಾಂಕನ್ನೂ ಕೊಟ್ಟಿತು. ಕಪ್ಪು ಬಣ್ಣ ಅಂದಕ್ಕಲ್ಲ: ಬೆಳಕು ಒಳಹೋದರೆ ಪಾಚಿ ಕಟ್ಟುತ್ತದೆ. ಟ್ಯಾಂಕರ್ ಮೊದಲು ಎಣ್ಣೆ ಸಾಗಿಸುವ ಹಡಗು, ಆಮೇಲೆ ಲಾರಿ.

ಲೆಕ್ಕಕ್ಕೆ ಒಂದೇ ಅಂಕಿ ನೆನಪಿಡಿ: 1 ಘನ ಅಡಿಗೆ 28.3 ಲೀಟರ್. ಸಂಪಿನ ಒಳ ಅಳತೆ ಹಿಡಿಯಬೇಕು, ಗೋಡೆಯ ದಪ್ಪ ಸೇರಿಸಬಾರದು. 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳ ಎಂದರೆ 150 ಘನ ಅಡಿ, ಸುಮಾರು 4,250 ಲೀಟರ್. ಆದರೆ ಮೇಲಿನ ಅರ್ಧ ಅಡಿ ತುಂಬುವುದಿಲ್ಲ, ಪಂಪಿನ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವಿನ ಕೆಳಗಿನ ಅರ್ಧ ಅಡಿ ಪಂಪಿಗೆ ಸಿಗುವುದಿಲ್ಲ. ಕೈಗೆ ಬರುವುದು 4 ಅಡಿ ಆಳದ್ದು, ಸುಮಾರು 3,400 ಲೀಟರ್. ದುಂಡನೆಯ ರಿಂಗ್ ಸಂಪಾದರೆ ಒಳವ್ಯಾಸದ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಆಳದಿಂದ ಗುಣಿಸಿ. 3 ಅಡಿ ವ್ಯಾಸದ ರಿಂಗಿಗೆ ಪ್ರತಿ ಅಡಿ ಎತ್ತರಕ್ಕೆ 200 ಲೀಟರ್, 4 ಅಡಿಯದಕ್ಕೆ 355. ಟ್ಯಾಂಕರ್ ಬರುವ ಮುಂಚೆ ಸಂಪಿಗೆ ಕೋಲು ಇಳಿಸಿ ಗುರುತು ಹಾಕಿ, ಬಿಟ್ಟ ಮೇಲೆ ಮತ್ತೆ ಇಳಿಸಿ. ನೀರು ಏರಿದ ಅಡಿಯೇ ನಿಮ್ಮ ಬಿಲ್ಲು.

ಇದೇ ಲೆಕ್ಕವನ್ನು ಕೆರೆಗೂ ಹಾಕಿ ನೋಡಿ. 1 ಎಕರೆ ಅಂಗಳದಲ್ಲಿ 1 ಅಡಿ ನೀರು ನಿಂತರೆ 43,560 ಘನ ಅಡಿ, 12.3 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ಎಂದಿಟ್ಟುಕೊಂಡರೆ 205 ಲೋಡು. ಒಂದು ಎಕರೆಯಲ್ಲಿ ಒಂದು ಅಡಿ ಹೂಳು ಕೂತರೆ ಕಳೆದುಕೊಂಡದ್ದೂ ಅಷ್ಟೇ ಲೋಡು.

ಪ್ರಶ್ನೆ: ‘ದಿ ಮೂವಿ ಟ್ಯಾಂಕ್ಡ್’ ಎಂದರೆ ಸಿನಿಮಾ ತುಂಬಿತು ಎಂದೇ? ತೋಳಿಲ್ಲದ ಬನಿಯನ್ನಿಗೆ ‘ಟ್ಯಾಂಕ್ ಟಾಪ್’ ಯಾಕೆ?
– ಮಧುಗಿರಿಯ ಓದುಗರು

ಉತ್ತರ: ತದ್ವಿರುದ್ಧ. ಸಿನಿಮಾ ಮಕಾಡೆ ಮಲಗಿತು ಎಂದರ್ಥ. ಅಮೆರಿಕದಲ್ಲಿ ಈಜುಕೊಳಕ್ಕೂ ಟ್ಯಾಂಕ್ ಎನ್ನುತ್ತಿದ್ದರು. ಬಾಕ್ಸಿಂಗಿನಲ್ಲಿ ದುಡ್ಡು ತಿಂದು ಬೇಕೆಂದೇ ಸೋಲುವವನು ‘ಡೈವ್ ಹೊಡೆದ’, ‘ಟ್ಯಾಂಕಿಗೆ ಬಿದ್ದ’. ಅದು ಟೆನಿಸಿಗೆ ದಾಟಿ, ಕೊನೆಗೆ ಸಿನಿಮಾ, ಷೇರುಪೇಟೆಗೂ ಬಂತು. ಬನಿಯನ್ನಿನ ಹೆಸರೂ ಅದೇ ಕೊಳದ್ದು: ‘ಟ್ಯಾಂಕ್ ಸೂಟ್’ ಈಜುಡುಗೆ, ಅದರ ಮೇಲ್ಭಾಗದಂಥದು ಟ್ಯಾಂಕ್ ಟಾಪ್. ‘ಥಿಂಕ್ ಟ್ಯಾಂಕ್’ ಮೊದಲು ತಲೆಗೆ ಇಟ್ಟ ತಮಾಷೆಯ ಹೆಸರು, ನಮ್ಮ ‘ಮಂಡೆ’ಯ ಹಾಗೆ. ಚಿಂತಕರ ಸಂಸ್ಥೆ ಎಂಬ ಅರ್ಥ ಎರಡನೆಯ ಮಹಾಯುದ್ಧದ ನಂತರದ್ದು. ಅದನ್ನು ‘ಚಿಂತಕರ ಚಾವಡಿ’ ಎಂದ ಕನ್ನಡಿಗರಿಗೆ ನಮ್ಮ ಪೂರ್ತಿ ಅಂಕ, ‘ಚಿಂತನಾ ತೊಟ್ಟಿ’ಗೆ ಸೊನ್ನೆ.

ಪ್ರಶ್ನೆ: ತುಮಕೂರು ಅಮಾನಿಕೆರೆಯ ‘ಅಮಾನಿ’ ಯಾವ ಭಾಷೆ? ಇಂಗ್ಲಿಷಿನಲ್ಲಿ ಬರೆಯುವಾಗ ಟ್ಯಾಂಕ್ ಎನ್ನಬೇಕೋ ಲೇಕ್ ಎನ್ನಬೇಕೋ?
– ತುಮಕೂರಿನ ಓದುಗರು

ಉತ್ತರ: ಅಮಾನಿ ಅರಬ್ಬಿ-ಪಾರಸಿಯ ಕಂದಾಯ ಪದ, ‘ಅಮಾನತ್ತು’ ಇದರ ಒಡಹುಟ್ಟು. ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ನೋಡಿಕೊಂಡು ಹುಟ್ಟುವಳಿ ಎತ್ತುವ ಆಸ್ತಿ ಅಮಾನಿ. ಅದಕ್ಕೇ ಕೋಲಾರ, ಶಿಡ್ಲಘಟ್ಟಗಳಲ್ಲೂ ಅಮಾನಿಕೆರೆಗಳಿವೆ. ಅದು ಒಂದು ಕೆರೆಯ ಅಂಕಿತನಾಮವಲ್ಲ, ಒಂದು ಬಗೆಯ ಕೆರೆಯ ಹೆಸರು.

ಇನ್ನು ಟ್ಯಾಂಕೋ ಲೇಕೋ? ಟ್ಯಾಂಕ್ ಎಂದರೆ ಇಂದಿನ ಓದುಗನ ಕಣ್ಣಿಗೆ ಪ್ಲಾಸ್ಟಿಕ್ ಡಬ್ಬವೋ ಫಿರಂಗಿಯೋ ಬರುತ್ತದೆ. ಲೇಕ್ ಎಂದರೆ ತಾನಾಗಿ ಹುಟ್ಟಿದ ಸರೋವರ ಎಂದುಕೊಳ್ಳುತ್ತಾನೆ. ಏರಿ ಕಟ್ಟಿದವರು, ತೂಬು ಎತ್ತಿ ಇಳಿಸುತ್ತಿದ್ದ ನೀರಗಂಟಿ, ಅಚ್ಚುಕಟ್ಟಿನ ರೈತ ಎಲ್ಲರೂ ಆ ಪದದಿಂದ ಮಾಯ. ವಾಕಿಂಗ್ ಪಾತ್, ಬೋಟು ಮಾತ್ರ ಉಳಿಯುತ್ತವೆ. ಕಾನೂನಿನ ಕಾಗದವಾದರೆ ದಾಖಲೆಯಲ್ಲಿ ಇರುವಂತೆ ಟ್ಯಾಂಕ್ ಎಂದೇ ಬರೆಯಿರಿ, ಅಲ್ಲಿ ಪದ ಬದಲಿಸಿದರೆ ಸರ್ವೆ ನಂಬರಿನ ಜಗಳಕ್ಕೆ ದಾರಿ. ಉಳಿದ ಕಡೆ ‘ತುಮಕೂರು ಅಮಾನಿಕೆರೆ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಾಕು. ‘ಅಮಾನಿಕೆರೆ ಲೇಕ್’ ಎಂದು ಬರೆಯುವವರಿಗೆ ಮಾತ್ರ ಒಂದು ವಿನಂತಿ: ಅದು ‘ಅಮಾನಿಕೆರೆ ಕೆರೆ’ ಆಯಿತು.